ಸೀಲಿಗೆ ನಮಸ್ಕಾರ

ದಾವಣಗೆರೆಯಲ್ಲಿ ಪ್ಲ್ಯಾನ್ ಪಾಸು ಮಾಡಿಸಲು ಅಲೆದವರಿಗೆ ನಾನು ಹೊಸದಾಗಿ ಹೇಳಬೇಕಾದದ್ದೇನೂ ಇಲ್ಲ. 30×40ರ ಸೈಟಿಗೆ ನಕ್ಷೆ ಬರೆಯುವವರು ಒಬ್ಬರು, ಸಹಿ ಹಾಕುವವರು ಇನ್ನೊಬ್ಬರು. ಕಟ್ಟುವ ಮೇಸ್ತ್ರಿ ಇವರಿಬ್ಬರ ಮುಖವನ್ನೂ ಕಂಡಿರುವುದಿಲ್ಲ. ಊರಿನ ಅರ್ಧ ಬಡಾವಣೆಗಳಿಗೆ ಗೆರೆ ಎಳೆದ ನಮ್ಮ ಡ್ರಾಫ್ಟ್ಸ್‌ಮನ್ ಅಣ್ಣ ಇಂದಿಗೂ ಹಾಳೆಯ ಬಲಮೂಲೆಯಲ್ಲಿ ಸೀಲು-ಸಹಿಯ ಚೌಕವನ್ನು ಖಾಲಿ ಬಿಟ್ಟೇ ಪ್ರಿಂಟ್ ತೆಗೆಯುತ್ತಾನೆ. ಆ ಚೌಕಕ್ಕೊಂದು ದರವಿದೆ.

ಪದವಿಯಿಲ್ಲದ ಅನುಭವಕ್ಕೂ ಒಮ್ಮೆ ಬೆಲೆ ಇತ್ತು. 1972ರ ವಾಸ್ತುಶಿಲ್ಪಿಗಳ ಕಾಯ್ದೆ ಬಂದಾಗ, ಅದಾಗಲೇ ಐದು ವರ್ಷ ವೃತ್ತಿಯಲ್ಲಿದ್ದವರು ಪದವಿಯಿಲ್ಲದೆಯೂ ಆರ್ಕಿಟೆಕ್ಟ್ ಎಂದು ಹೆಸರು ನೋಂದಾಯಿಸಿಕೊಳ್ಳಬಹುದಿತ್ತು. ಅಣ್ಣ ತಡವಾಗಿ ಹುಟ್ಟಿದ. ಅದು ಅವನದೇ ತಪ್ಪು.

2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇನ್ನೂ ಸೊಗಸು: ಕಾಯ್ದೆಯ 37ನೇ ಕಲಂ ತಡೆಯುವುದು ನೋಂದಣಿ ಇಲ್ಲದವರು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳುವುದನ್ನು, ಕೆಲಸ ಮಾಡುವುದನ್ನಲ್ಲ. ಅಂದರೆ ವಿನ್ಯಾಸ ಮಾಡು, ಬೋರ್ಡು ಹಾಕಬೇಡ. ಹಾಕಿ ಸಿಕ್ಕಿಬಿದ್ದರೆ, ಕಾಯ್ದೆ ಬರೆದವರು ಮೊದಲ ತಪ್ಪಿಗೆ ಇಟ್ಟ ದಂಡ ಹೆಚ್ಚೆಂದರೆ 500 ರೂಪಾಯಿ. ಮನೆಮಂದಿಯೆಲ್ಲ ಬೆಣ್ಣೆದೋಸೆ ತಿಂದರೆ ಅಷ್ಟು ಆಗಿಹೋಗುತ್ತದೆ.

ಇಷ್ಟೆಲ್ಲ ಕಾವಲಿದ್ದೂ ಯಾವ ನೋಂದಣಿಯ ಹಂಗಿಲ್ಲದೆ ಒಳನುಗ್ಗುವವರು ವಾಸ್ತು ಪಂಡಿತರು. ಐದು ವರ್ಷ ಬಿ.ಆರ್ಕ್ ಓದಿದವರು ಇಟ್ಟ ಮೆಟ್ಟಿಲನ್ನು ಅವರು ದಿಕ್ಸೂಚಿ ಹಿಡಿದು ಐದು ನಿಮಿಷದಲ್ಲಿ ನೈಋತ್ಯಕ್ಕೆ ಸಾಗಿಸುತ್ತಾರೆ. ಅಡುಗೆಮನೆ ಆಗ್ನೇಯಕ್ಕೆ ಹೋಗುತ್ತದೆ, ಕಿಟಕಿ ಪಕ್ಕದ ಮನೆಯ ಗೋಡೆಯನ್ನು ನೋಡುತ್ತ ನಿಲ್ಲುತ್ತದೆ. ನಾಳೆ ಮಲಗುವ ಕೋಣೆಗೆ ಗಾಳಿ ಬರದಿದ್ದರೆ ಅದು ಯಜಮಾನರ ಗ್ರಹಗತಿ. ಇವರ ಅರ್ಹತೆಯನ್ನು ಯಾರೂ ಕೇಳಿದ್ದಿಲ್ಲ. ದಕ್ಷಿಣೆ ಮಾತ್ರ ತಪ್ಪುವುದಿಲ್ಲ.

ಅಮೆರಿಕದವರು ಈ ವಿಷಯದಲ್ಲಿ ತೀರಾ ಹಿಂದುಳಿದಿದ್ದಾರೆ. ಅಲ್ಲಿನ ನೋಂದಣಿ ಮಂಡಳಿಗಳ ರಾಷ್ಟ್ರೀಯ ಒಕ್ಕೂಟ, ಮಾನ್ಯತೆ ಪಡೆದ ಪದವಿಯಿಲ್ಲದೆಯೇ ಪರವಾನಗಿ ಗಳಿಸಿ ದುಡಿಯುತ್ತಿರುವವರಿಗೂ ತನ್ನ ಪ್ರಮಾಣಪತ್ರಕ್ಕೊಂದು ಬದಲಿ ದಾರಿ ಇಟ್ಟಿದೆ. ಉಳಿದವರು 3,740 ಗಂಟೆಗಳ ಅನುಭವ ತೋರಿಸಿದರೆ, ಇವರಲ್ಲಿ ಕೆಲವರು ಅದರ ಎರಡರಷ್ಟು ತೋರಿಸಬೇಕು. ಇನ್ನು ಕೆಲವರು ತಮ್ಮ ಕೆಲಸಗಳನ್ನೇ ಕಡತವಾಗಿ ಜೋಡಿಸಿ ಒಪ್ಪಿಸಬೇಕು. ಮಾಡಿದ ಕೆಲಸ ನೋಡಿ ಯೋಗ್ಯತೆ ಅಳೆಯುವುದಂತೆ! ಎಂಥ ಅನಾಗರಿಕ ಪದ್ಧತಿ.

ತಮಾಷೆ ಸಾಕು. ಕಟ್ಟಡ ಬಿದ್ದರೆ ಜನ ಸಾಯುತ್ತಾರೆ. ಅರ್ಹತೆಯೇ ಬೇಡ ಎಂದು ಯಾರೂ ಹೇಳುತ್ತಿಲ್ಲ. ಪರೀಕ್ಷೆ ಇಡಿ, ಕಠಿಣವಾಗಿಯೇ ಇಡಿ. ಕಟ್ಟಿಸಿದ ಮನೆಗಳಿಗೆ ಹೋಗಿ ನೋಡಿ, ಬಾಯಿಬಿಟ್ಟು ಪ್ರಶ್ನೆ ಕೇಳಿ, ನಪಾಸಾದರೆ ವಾಪಸು ಕಳುಹಿಸಿ. ಸೈಟಿನತ್ತ ತಲೆಹಾಕದ ಸಹಿಗೆ ಗೌರವ, ಸೈಟಿನಲ್ಲೇ ತಲೆ ನರೆತವನಿಗೆ ಹಿಂಬಾಗಿಲು: ಇದನ್ನು ಗುಣಮಟ್ಟ ಎಂದು ಕರೆಯುವುದನ್ನಾದರೂ ನಿಲ್ಲಿಸಿ.

ಪಕ್ಕದ ಬೀದಿಯ ಹುಡುಗಿಯ ಪಾಡು ಬೇರೆ. ಹೊರದೇಶದಲ್ಲಿ ಆರ್ಕಿಟೆಕ್ಚರ್ ಓದಿ, ಅಲ್ಲಿಯೇ ದುಡಿದು, ಅಪ್ಪ ಅಮ್ಮನನ್ನು ನೋಡಿಕೊಳ್ಳಲು ಮರಳಿದ್ದಾಳೆ. ಇಲ್ಲಿ ನೋಂದಣಿಯಾಗಲು ವಿದೇಶಿ ಪದವಿಗೆ ಕೇಂದ್ರ ಸರ್ಕಾರದ ಮಾನ್ಯತೆ ಬೇಕು. ಅವಳದಕ್ಕೆ ಆ ಭಾಗ್ಯವಿಲ್ಲ. ಆದರೆ ಅದೇ 37ನೇ ಕಲಮಿನಲ್ಲಿ ಓಬವ್ವನ ಕಿಂಡಿಯಂಥದ್ದೊಂದು ಇದೆ: ಭಾರತದ ಹೊರಗೆ ನೆಲೆಸಿದವರು ಕೇಂದ್ರದ ಅನುಮತಿ ಪಡೆದು ನಿರ್ದಿಷ್ಟ ಯೋಜನೆಗೆ ಸಲಹೆಗಾರರಾಗಬಹುದು. ಆದ್ದರಿಂದ ತಂಗೀ, ಮತ್ತೆ ವಿಮಾನ ಹತ್ತು. ಅಲ್ಲಿಯೇ ನೆಲೆಸಿ, ಅಲ್ಲಿಂದಲೇ ಅರ್ಜಿ ಹಾಕು. ವಿದೇಶಿ ಸಲಹೆಗಾರ್ತಿಯಾಗಿ ಬಂದಿಳಿದ ದಿನ ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ ಎಲ್ಲವೂ ಸಿದ್ಧವಾಗಿರುತ್ತವೆ. ಅಪ್ಪ ಅಮ್ಮನಿಗೂ ಮೊದಲ ಸಾಲಿನಲ್ಲೇ ಕುರ್ಚಿ ಹಾಕಿಸುತ್ತೇವೆ.