ಕೊತ್ತಂಬರಿ ಸೊಪ್ಪಿನ ಸರ್ಕಾರ

ತರಕಾರಿ ಕೊಂಡ ಮೇಲೆ ಒಂದು ಹಿಡಿ ಕೊತ್ತಂಬರಿ, ಎರಡು ಹಸಿಮೆಣಸಿನಕಾಯಿ ಕೊಸರು ಹಾಕಿಸಿಕೊಳ್ಳದೆ ಬಂದವರಿಗೆ ವ್ಯಾಪಾರವೇ ಗೊತ್ತಿಲ್ಲ ಎಂಬುದು ನಮ್ಮ ಮನೆಯ ಹಿರಿಯರ ತೀರ್ಪು. ಈ ಕೊಸರಿನ ವಿದ್ಯೆಯನ್ನು ರಾಜಕೀಯಕ್ಕೆ ತಂದವರು ನಾವೇ ಎಂದು ಹೆಮ್ಮೆಪಡುತ್ತಿದ್ದೆ. ಅದಕ್ಕೂ ಕಲ್ಲು ಬಿತ್ತು. ಕ್ರಿಸ್ತಪೂರ್ವ 424ರಲ್ಲೇ ಅಥೆನ್ಸಿನ ಅರಿಸ್ಟೋಫನೀಸ್ ತನ್ನ ‘ನೈಟ್ಸ್’ ನಾಟಕದಲ್ಲಿ ಎಲ್ಲವನ್ನೂ ಬರೆದಿಟ್ಟು ಹೋಗಿದ್ದಾನೆ.

ನಾಟಕದ ಯಜಮಾನ ಡೆಮೋಸ್. ಹೆಸರಿನ ಅರ್ಥವೇ ಪ್ರಜೆಗಳು. ಮುಂಗೋಪಿ ಮುದುಕ, ಕಿವಿಯೂ ಸ್ವಲ್ಪ ಮಂದ. ಇವನನ್ನು ಬುಟ್ಟಿಗೆ ಹಾಕಿಕೊಂಡಿರುವ ಆಳು ಅಂದಿನ ನಾಯಕ ಕ್ಲಿಯಾನನ ವೇಷ. ಅವನನ್ನು ಇಳಿಸಲು ಉಳಿದ ಆಳುಗಳು ಬೀದಿಯಲ್ಲಿ ಸಾಸೇಜ್ ಮಾರುವವನೊಬ್ಬನನ್ನು ಹಿಡಿದು ತರುತ್ತಾರೆ. ‘ನನಗೆ ಓದು ಬರಹ ಅಷ್ಟಕ್ಕಷ್ಟೆ’ ಎಂದು ಅವನು ಹಿಂಜರಿದರೆ, ಅಷ್ಟಾದರೂ ಬರುವುದೇ ನಿನಗಿರುವ ಕುಂದು ಎಂಬ ಸಮಾಧಾನ ಸಿಗುತ್ತದೆ. ಟಿಕೆಟ್ ಹಂಚಿಕೆ ಮುಗಿಯಿತು.

ನನಗೆ ಬಹಳ ಹಿಡಿಸಿದ್ದು ಸಭೆಯ ಪ್ರಸಂಗ. ದೇಶದ್ರೋಹ, ಪಿತೂರಿ ಎಂದು ಕ್ಲಿಯಾನ್ ಗುಡುಗುತ್ತಿರುವಾಗ ಸಾಸೇಜಿನವನು ನುಗ್ಗಿ, ಪೇಟೆಯಲ್ಲಿ ಮೀನು ಅಗ್ಗವಾಗಿದೆ ಎಂದು ಕೂಗುತ್ತಾನೆ. ಸದಸ್ಯರ ಮುಖ ಅರಳುತ್ತದೆ. ಯುದ್ಧದಲ್ಲಿ ಎದುರಾಳಿಯಾದ ಸ್ಪಾರ್ಟಾದಿಂದ ಸಂಧಿಗೆ ದೂತರು ಬಂದಿದ್ದಾರೆ ಎಂದು ಕ್ಲಿಯಾನ್ ಹೇಳಿದರೂ ಯಾರಿಗೂ ಬೇಡ. ಮೀನು ಅಗ್ಗವಾದ ಸುದ್ದಿ ಕೇಳಿಯೇ ಬಂದಿರಬೇಕು, ಯುದ್ಧ ನಡೆಯಲಿ ಬಿಡಿ ಎನ್ನುತ್ತಾರೆ. ಅಷ್ಟರಲ್ಲಿ ಇವನು ಮುಂದೆ ಓಡಿ ಪೇಟೆಯ ಕೊತ್ತಂಬರಿಯನ್ನೆಲ್ಲ ಕೊಂಡು, ಮೀನಿಗೆ ಒಗ್ಗರಣೆಯಾಗಲೆಂದು ಪುಕ್ಕಟೆ ಹಂಚುತ್ತಾನೆ. ಒಂದು ಒಬೊಲ್ ನಾಣ್ಯದ ಸೊಪ್ಪಿಗೆ ಇಡೀ ಸಭೆ ಕೈವಶ. ಇಲ್ಲಿ ವಿಧಾನಸಭಾ ಅಭ್ಯರ್ಥಿಯ ವೆಚ್ಚದ ಮಿತಿ 40 ಲಕ್ಷ ರೂಪಾಯಿ. ಕ್ರೇನಿನಲ್ಲಿ ತೂಗಿಬಿಟ್ಟ ಸೇಬಿನ ಹಾರ ಯಾರ ಲೆಕ್ಕಕ್ಕೆ ಹೋಗುತ್ತದೆಂದು ಆ ಸೇಬಿಗೂ ತಿಳಿಯದು.

ಆಮೇಲೆ ಡೆಮೋಸನಿಗೆ ಉಡುಗೊರೆಗಳ ಸುರಿಮಳೆ. ಸಭೆಯ ಕಲ್ಲು ಒತ್ತುತ್ತದೆಂದು ಮೆತ್ತೆ, ಕಾಲಿಗೆ ಜೋಡು, ಚಳಿಗೆ ಅಂಗಿ. ನೆರೆಯ ತಮಿಳುನಾಡಿನಲ್ಲಿ 2006ರಲ್ಲಿ ಬಣ್ಣದ ಟಿವಿ, 2011ರಲ್ಲಿ ಮಿಕ್ಸಿ, ಗ್ರೈಂಡರ್, ಫ್ಯಾನು ಬಂದವು. ನಮ್ಮಲ್ಲಿ 2023ರಲ್ಲಿ ಒಬ್ಬರು ಐದು ಗ್ಯಾರಂಟಿ ಎಂದರೆ ಇನ್ನೊಬ್ಬರು ವರ್ಷಕ್ಕೆ ಮೂರು ಸಿಲಿಂಡರ್, ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು ಎಂದರು. ಪ್ರಣಾಳಿಕೆಯಲ್ಲಿ ಅಚ್ಚಾದ ಮಾತಿನ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ. ಗೆದ್ದ ಮೇಲೆ ಕೊರಳಪಟ್ಟಿ ಹಿಡಿದು ಕೇಳಬಹುದು. ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟುವ ಕುಕ್ಕರನ್ನು ಕೇಳುವುದು ಹೇಗೆ?

ನಮ್ಮ ಬೀದಿಯ ಅಜ್ಜಿಯೊಬ್ಬರ ಮನೆಯಲ್ಲಿ ಅಂಥವು ಮೂರಿವೆ. ಒಂದರ ಮುಚ್ಚಳದಲ್ಲಿ ನಾಯಕರ ಚಿತ್ರ, ಇನ್ನೊಂದಕ್ಕೆ ಗ್ಯಾಸ್ಕೆಟ್ ಇಲ್ಲ, ಮೂರನೆಯದು ಎಷ್ಟು ಕುದಿದರೂ ಸೀಟಿ ಹೊಡೆಯುವುದಿಲ್ಲ. ‘ಮನೆಗೆ ಬಂದವರಿಗೆ ಬೇಡ ಎನ್ನಬಾರದಲ್ಲಪ್ಪ’ ಎಂದರು ಅಜ್ಜಿ, ಮಾತಿನಲ್ಲಿ ಯಾವ ಪಾಪಪ್ರಜ್ಞೆಯೂ ಇಲ್ಲದೆ. ಡೆಮೋಸ್ ಹೇಳುವುದೂ ಇದನ್ನೇ: ನಾನು ಪೆದ್ದನಂತೆ ನಟಿಸುತ್ತೇನೆ, ಕಳ್ಳನೊಬ್ಬನನ್ನು ಮೇಯಿಸಿ ಕೊಬ್ಬಿಸುತ್ತೇನೆ, ಹೊಟ್ಟೆ ತುಂಬಿದ ಮೇಲೆ ಬಡಿದು ಹಾಕುತ್ತೇನೆ.

ಕೊನೆಗೆ ಇಬ್ಬರ ಬುಟ್ಟಿಗಳ ತಪಾಸಣೆ. ಸಾಸೇಜಿನವನದು ಖಾಲಿ, ಇದ್ದುದನ್ನೆಲ್ಲ ಬಡಿಸಿಬಿಟ್ಟಿದ್ದಾನೆ. ಕ್ಲಿಯಾನನದು ತುಂಬಿ ತುಳುಕುತ್ತಿದೆ. ಡೆಮೋಸನಿಗೆ ಕೊಟ್ಟದ್ದು ಅದರಿಂದ ಕಿತ್ತ ಚೂರು ಮಾತ್ರ. ಮುದುಕ ಅವನನ್ನು ಅಟ್ಟಿ, ಊರ ಬಾಗಿಲಲ್ಲಿ ಸಾಸೇಜ್ ಮಾರಲು ಹಚ್ಚುತ್ತಾನೆ.

ಪ್ರೇಕ್ಷಕರು ಬಿದ್ದು ಬಿದ್ದು ನಕ್ಕಿರಬೇಕು, ಏಕೆಂದರೆ ಆ ವರ್ಷದ ಮೊದಲ ಬಹುಮಾನ ಈ ನಾಟಕಕ್ಕೇ ಬಂತು. ಕೆಲವೇ ವಾರಗಳಲ್ಲಿ ಸೇನಾಪತಿಗಳ ಚುನಾವಣೆ ನಡೆಯಿತು. ಅಥೆನ್ಸಿನ ಜನ ಕ್ಲಿಯಾನನನ್ನು ಆರಿಸಿದರು.