ಪವರ್ ಪ್ರೆಸ್ ಮುಂದೆ ನಿಲ್ಲುವವರನ್ನೂ ಸುರಕ್ಷತಾ ಸಮ್ಮೇಳನಕ್ಕೆ ಕರೆಯಿರಿ

ಕಾರ್ಖಾನೆ ಸುರಕ್ಷತೆಯ ಬಗ್ಗೆ ದೊಡ್ಡ ಸಮ್ಮೇಳನ, ಜೊತೆಗೆ ಪ್ರದರ್ಶನ ಅಂತ ಮಾಡಿದರೆ ಅಲ್ಲಿಗೆ ಮೊದಲು ಯಾರು ಬರಬೇಕು? ದಿನಾ ಮೆಷಿನ್ ಹತ್ತಿರ ಕೈ ಒಯ್ಯುವವರು ಬರಬೇಕು. ಈಗ ಅವರೇ ಬರುತ್ತಿಲ್ಲ. ಅವರು ಬರುವ ಹಾಗೆ ನಾವು ಏರ್ಪಾಡು ಮಾಡಿಯೂ ಇಲ್ಲ. ಈ ಮಾತು ಹೇಳಲೇಬೇಕು ಅನ್ನಿಸಿ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ. ಪುರುಸೊತ್ತು ಮಾಡಿಕೊಂಡು ಓದಿ.

ಬೆಂಗಳೂರಿನ ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಶೆಡ್ ಇದೆ. ಪವರ್ ಪ್ರೆಸ್ (ತಗಡನ್ನು ಅಚ್ಚಿನಲ್ಲಿ ಒತ್ತಿ ಕತ್ತರಿಸುವ, ಆಕಾರ ಕೊಡುವ ಮೆಷಿನ್), ಲೇತ್, ಕನ್ವೇಯರ್‌ಗಳಿಗೆ ಗಾರ್ಡ್, ಅಂದರೆ ಕೈ ಒಳಗೆ ಹೋಗದ ಹಾಗೆ ಕಟ್ಟುವ ತಡೆ, ಮಾಡಿಕೊಡುತ್ತೇವೆ. ಇತ್ತೀಚೆಗೆ ತುಮಕೂರು ರಸ್ತೆಯಲ್ಲಿ ನಡೆದ ಸುರಕ್ಷತಾ ಸಮ್ಮೇಳನದಲ್ಲಿ ನಾವೂ ಸ್ಟಾಲ್ ಹಾಕಿದ್ದೆವು. ಒಂಬತ್ತು ಚದರ ಮೀಟರ್ ಜಾಗ, ಮೂರು ಕಡೆ ಬಿಳಿ ಪ್ಯಾನೆಲ್, ಮೇಲೆ ಹೆಸರಿನ ಪಟ್ಟಿ. ಬಾಡಿಗೆ ಬೇರೆ, ಜಿಎಸ್‌ಟಿ ಬೇರೆ, ಕರೆಂಟ್ ಲೋಡಿಗೆ ಬೇರೆ ದುಡ್ಡು. ನಮ್ಮಂಥ ಸಣ್ಣವರಿಗೆ ಇದು ಜಾಸ್ತಿಯೇ. ಆದರೂ ಹೋಗುತ್ತೇವೆ. ಬೇರೆ ಬೇರೆ ಕಂಪನಿಗಳ ಗೇಟಿನಲ್ಲಿ ತಿಂಗಳುಗಟ್ಟಲೆ ಕಾದರೂ ಸಿಗದ ಜನ ಅಲ್ಲಿ ಒಂದೇ ಕಡೆ ಸಿಗುತ್ತಾರೆ. ಸೇಫ್ಟಿ ಆಫೀಸರ್‌ಗಳು, ಪ್ಲಾಂಟ್ ಹೆಡ್‌ಗಳು, ಪರ್ಚೇಸ್‌ನವರು ಎಲ್ಲ ಬರುತ್ತಾರೆ. ಆ ಭೇಟಿಗಳಿಗೆ ನಿಜವಾದ ಬೆಲೆ ಇದೆ. ಹಾಗಾಗಿ ಇಂಥ ಸಮ್ಮೇಳನ ಬೇಡ ಅಂತ ನಾನು ಹೇಳುತ್ತಿಲ್ಲ. ಇನ್ನೂ ಜಾಸ್ತಿ ಆಗಲಿ.

ಹಾಲ್‌ನಲ್ಲಿ ಒಂದು ಸುತ್ತು ಹಾಕಿದರೆ ಏನು ಕಾಣುತ್ತೆ ಗೊತ್ತಾ? ಹೆಲ್ಮೆಟ್, ಶೂ, ಗ್ಲೌಸ್, ಕನ್ನಡಕ, ಕಿವಿಗೆ ಇಟ್ಟುಕೊಳ್ಳುವ ಪ್ಲಗ್, ಎತ್ತರದಲ್ಲಿ ಕೆಲಸ ಮಾಡುವವರ ಬೆಲ್ಟ್. ಎಲ್ಲವೂ ಬೇಕಾದವೇ, ಅನುಮಾನ ಇಲ್ಲ. ಆದರೆ ಸುರಕ್ಷತೆ ಓದಿದವರಿಗೆಲ್ಲ ಮೊದಲ ಪಾಠದಲ್ಲೇ ಹೇಳಿಕೊಡುವ ಒಂದು ಕ್ರಮ ಇದೆ. ಅಪಾಯವನ್ನೇ ತೆಗೆದುಹಾಕಲು ಆಗುತ್ತಾ ನೋಡು. ಆಗದಿದ್ದರೆ ಕಡಿಮೆ ಅಪಾಯದ್ದನ್ನು ತಂದು ಹಾಕು. ಅದೂ ಆಗದಿದ್ದರೆ ಮೆಷಿನ್‌ಗೆ ತಡೆ ಕಟ್ಟು. ಆಮೇಲೆ ಕೆಲಸದ ಪದ್ಧತಿ ಬದಲಿಸು, ತರಬೇತಿ ಕೊಡು. ಮೈಮೇಲೆ ಹಾಕಿಕೊಳ್ಳುವ ಸಾಮಾನು ಕಟ್ಟಕಡೆಗೆ. ನಮ್ಮ ಪ್ರದರ್ಶನಗಳಲ್ಲಿ ಈ ಕಟ್ಟಕಡೆಯದೇ ಹಾಲ್ ತುಂಬ. ಕಾರಣವೂ ಇದೆ. ಗ್ಲೌಸ್ ಹರಿಯುತ್ತೆ, ಮತ್ತೆ ಕೊಳ್ಳಬೇಕು. ಗಾರ್ಡ್ ಒಂದು ಸಲ ಚೆನ್ನಾಗಿ ಕೂತರೆ ವರ್ಷಗಟ್ಟಲೆ ಇರುತ್ತೆ. ವ್ಯಾಪಾರ ಯಾವುದರಲ್ಲಿ ಜಾಸ್ತಿ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಗ್ಲೌಸ್ ವಿಷಯ ಬಂತಲ್ಲ, ಇದನ್ನೂ ಹೇಳಿಬಿಡುತ್ತೇನೆ. ಡ್ರಿಲ್ಲಿಂಗ್ ಮೆಷಿನ್, ಲೇತ್ ಮುಂದೆ ನಿಂತು ಗ್ಲೌಸ್ ಹಾಕಿಕೊಂಡು ಕೆಲಸ ಮಾಡಬಾರದು. ತಿರುಗುವ ಭಾಗಕ್ಕೆ ಗ್ಲೌಸ್ ತುದಿ ಸಿಕ್ಕಿದರೆ ಕೈಯನ್ನೇ ಎಳೆದುಕೊಳ್ಳುತ್ತೆ. ಸುರಕ್ಷತೆಗೆ ಅಂತ ಕೊಂಡ ವಸ್ತುವೇ ಅಲ್ಲಿ ಕೈ ತೆಗೆಯಬಹುದು. ಅದನ್ನು ಎಲ್ಲಿ ಹಾಕಬಾರದು ಅನ್ನುವುದನ್ನು ಸ್ಟಾಲ್‌ನಲ್ಲೇ ಒಂದು ಬೋರ್ಡ್ ಬರೆದು ಹಾಕಿದರೆ ಎಷ್ಟು ಉಪಕಾರ ಆಗುತ್ತೆ!

ಈಗ ಪವರ್ ಪ್ರೆಸ್‌ಗೆ ಬರುತ್ತೇನೆ. ನನಗೆ ಹೆಚ್ಚು ಗೊತ್ತಿರುವುದು, ಹೆಚ್ಚು ನೋವು ಕೊಡುವುದು ಇದೇ.

ಪ್ರದರ್ಶನದಲ್ಲಿ ಜನ ಮುತ್ತಿಕೊಳ್ಳುವುದು ಲೈಟ್ ಕರ್ಟನ್ ಡೆಮೊಗೆ. ಪ್ರೆಸ್ ಮುಂದೆ ಎರಡು ಕಂಬ, ನಡುವೆ ಕಣ್ಣಿಗೆ ಕಾಣದ ಬೆಳಕಿನ ಪರದೆ. ಕೈ ಅಡ್ಡ ಬಂದ ಕೂಡಲೇ ಪ್ರೆಸ್ ಅರ್ಧದಲ್ಲೇ ನಿಲ್ಲುತ್ತೆ. ಒಳ್ಳೆಯ ತಂತ್ರಜ್ಞಾನ. ಎಷ್ಟೋ ಕೈಗಳನ್ನು ಉಳಿಸಿದೆ. ಆದರೆ ಅದು ಕೆಲಸ ಮಾಡಬೇಕಾದರೆ ಪ್ರೆಸ್‌ಗೆ ಅರ್ಧದಲ್ಲಿ ನಿಲ್ಲುವ ಶಕ್ತಿ ಇರಬೇಕು. ಗಾಳಿಯಲ್ಲಿ ನಡೆಯುವ ನ್ಯೂಮ್ಯಾಟಿಕ್ ಕ್ಲಚ್ ಇದ್ದರೆ ನಿಲ್ಲುತ್ತೆ. ನಮ್ಮ ಸಣ್ಣ ವರ್ಕ್‌ಶಾಪ್‌ಗಳಲ್ಲಿ ನಾನು ದಿನಾ ನೋಡುವುದು ಹಳೆಯ ಸಿ ಟೈಪ್ (ಸಿ ಅಕ್ಷರದ ಆಕಾರದ), ಕೀ ಕ್ಲಚ್ ಪ್ರೆಸ್. ಪೆಡಲ್ ಒತ್ತಿ ಕೀ (ಚಕ್ರಕ್ಕೂ ಕ್ರ್ಯಾಂಕ್‌ಗೂ ಕೊಂಡಿ ಹಾಕುವ ಲೋಹದ ತುಂಡು) ಬಿದ್ದರೆ ಮುಗೀತು, ಪ್ರೆಸ್ಸನ್ನು ಮೇಲೆ ಕೆಳಗೆ ಆಡಿಸುವ ಕ್ರ್ಯಾಂಕ್ ಪೂರ್ತಿ ಒಂದು ಸುತ್ತು ಬಂದೇ ನಿಲ್ಲುವುದು. ನಡುವೆ ಯಾವ ಸೆನ್ಸರ್ ಕೂಗಿದರೂ ಅದು ನಿಲ್ಲುವುದಿಲ್ಲ. ಅಂಥ ಪ್ರೆಸ್‌ಗೆ ಲೈಟ್ ಕರ್ಟನ್ ಹಾಕಿದರೆ ಸಿಗುವುದು ಹುಸಿ ಧೈರ್ಯ ಮಾತ್ರ. ಅದಕ್ಕೆ ಬೇಕಾದದ್ದು ಡೈ (ಅಚ್ಚು) ಸುತ್ತ ಕದಲದ ಗಾರ್ಡ್, ಇಲ್ಲವೇ ಮುಚ್ಚಿದ ಹೊರತು ಪೆಡಲ್ ಒತ್ತಲು ಬಿಡದ ಗೇಟ್. ಜೊತೆಗೆ ಪೀಸ್ ಇಡಲು, ತೆಗೆಯಲು ಇಕ್ಕಳ ಅಥವಾ ಮ್ಯಾಗ್ನೆಟ್ ಕಡ್ಡಿ.

ಡೆಮೊ ನೋಡಿ ರೇಟ್ ಕೇಳುತ್ತಿದ್ದ ಒಬ್ಬ ಮಾಲೀಕರನ್ನು, ‘ನಿಮ್ಮದು ಯಾವ ಕ್ಲಚ್ ಸಾರ್?’ ಅಂತ ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ಅವರು ಕೆಟ್ಟವರಲ್ಲ. ಕೈಯಿಂದ ದುಡ್ಡು ಹಾಕಿ ಕೆಲಸದವರನ್ನು ಕಾಪಾಡಬೇಕು ಅಂತಲೇ ಬಂದಿದ್ದವರು. ಮಾರುವವರು ಮೊದಲು ಕೇಳಬೇಕಾದ ಪ್ರಶ್ನೆ ಅದು. ಅವರ ಆಪರೇಟರ್ ಪಕ್ಕದಲ್ಲಿ ಇದ್ದಿದ್ದರೆ ಉತ್ತರ ತಕ್ಷಣ ಸಿಗುತ್ತಿತ್ತು. ಮೆಷಿನ್ ಹೇಗೆ ಹೊಡೆಯುತ್ತೆ, ಯಾವಾಗ ಮೊಂಡಾಟ ಮಾಡುತ್ತೆ ಅನ್ನುವುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರಲ್ಲ.

ಇದಕ್ಕೆ ಸಾಕ್ಷಿ ನಮ್ಮ ಸ್ಟಾಲ್‌ನಲ್ಲೇ ಸಿಕ್ಕಿತು. ನಾವು ಒಂದು ಹಳೇ ಕೀ ಕ್ಲಚ್ ಪ್ರೆಸ್ ತಂದು ಅದಕ್ಕೆ ಗಾರ್ಡ್ ಹಾಕಿ ನಿಲ್ಲಿಸಿದ್ದೆವು. ಮೋಟರ್‌ಗೆ ಕರೆಂಟ್ ಕೊಟ್ಟಿರಲಿಲ್ಲ, ಕೈಯಲ್ಲೇ ಫ್ಲೈವೀಲ್ (ಪ್ರೆಸ್‌ನ ಭಾರದ ಚಕ್ರ) ತಿರುಗಿಸಿ ತೋರಿಸುತ್ತಿದ್ದೆವು. ಸೇಫ್ಟಿ ಆಫೀಸರ್‌ಗಳು ಬಂದರು, ನೋಡಿದರು, ಚೆನ್ನಾಗಿದೆ ಅಂದರು, ಬ್ರೋಷರ್ ತಗೊಂಡರು. ಮಧ್ಯಾಹ್ನದ ಮೇಲೆ ಒಬ್ಬರು ಕಂಪನಿಯ ಯೂನಿಫಾರ್ಮ್‌ನಲ್ಲೇ ಬಂದರು. ಹಾವೇರಿ ಕಡೆಯವರು, ಪ್ರೆಸ್ ಆಪರೇಟರ್. ಅವರ ಬಲಗೈ ತೋರುಬೆರಳು ಮೊದಲ ಗೆಣ್ಣಿನ ಹತ್ತಿರ ಮುಗಿದಿತ್ತು. ಅವರು ಬ್ರೋಷರ್ ಮುಟ್ಟಲಿಲ್ಲ. ಬಗ್ಗಿ ಗಾರ್ಡ್ ಒಳಗೆ ನೋಡಿದರು, ಬೋಲ್ಟ್ ಮುಟ್ಟಿ ನೋಡಿದರು.

‘ಸರ, ಸ್ಕ್ರ್ಯಾಪ್ ಸಿಕ್ಕೊಂಡ್ರ ಹೆಂಗ ತೆಗಿಯೋದ್ರಿ?’

ಮೋಟರ್ ಆಫ್ ಮಾಡಿ, ಫ್ಲೈವೀಲ್ ಪೂರ್ತಿ ನಿಂತ ಮೇಲೆ ಬೋಲ್ಟ್ ಬಿಚ್ಚಬೇಕು ಅಂದೆ.

‘ನಾಕು ಬೋಲ್ಟ್ ಬಿಚ್ಚಿ ಮತ್ತ ಹಾಕೋದ್ರಾಗ ಎಷ್ಟ್ ಹೊತ್ತ ಹೋಗ್ತೈತಿ ನೋಡ್ರಿ. ತಾಸಿಗೆ ಇಷ್ಟ ಪೀಸ್ ಅಂತ ಟಾರ್ಗೆಟ್ ಇರ್ತೈತ್ರಿ. ಒಂದ್ ಸಲ ಬಿಚ್ಚಿದ ಮ್ಯಾಲ ಯಾರೂ ತಿರುಗಿ ಹಾಕೂದಿಲ್ರಿ. ಬಾಜೂಕ ಒಂದ್ ಸಂದಿ ಬಿಡ್ರಿ, ಒಂದ್ ಕೊಕ್ಕಿ ಕೊಡ್ರಿ. ಕೊಕ್ಕಿ ಹೋಗಬೇಕು, ಕೈ ಹೋಗಬಾರ್ದು.’

ಆಮೇಲೆ ಪೆಡಲ್ ಕಡೆ ಬೆರಳು ತೋರಿಸಿ, ಇದಕ್ಕೊಂದು ಮೇಲ್ಹೊದಿಕೆ ಹಾಕಿ ಅಂದರು. ಸ್ಕ್ರ್ಯಾಪ್ ತುಂಡು ಪೆಡಲ್ ಮೇಲೆ ಬಿದ್ದು ಪ್ರೆಸ್ ಹೊಡೆದದ್ದನ್ನು ಅವರು ಕಂಡಿದ್ದಾರೆ. ಮೋಟರ್ ಆಫ್ ಆದ ಮೇಲೂ ಫ್ಲೈವೀಲ್ ಸುಮಾರು ಹೊತ್ತು ತಿರುಗುತ್ತಿರುತ್ತೆ, ಆ ಹೊತ್ತಿನಲ್ಲಿ ಪೆಡಲ್ ಒತ್ತಿದರೂ ಪ್ರೆಸ್ ಹೊಡೆಯುತ್ತೆ. ಕೀ ಸವೆದು ಸ್ಪ್ರಿಂಗ್ ಸೋತರೆ ಒಂದು ಸಲ ಒತ್ತಿದ್ದಕ್ಕೆ ಎರಡು ಸಲ ಹೊಡೆಯುತ್ತೆ. ಪೀಸ್ ತೆಗೆಯಲು ಕೈ ಒಳಗೆ ಹೋಗಿರುವುದು ಸರಿಯಾಗಿ ಆ ಎರಡನೇ ಹೊಡೆತದ ಹೊತ್ತಿಗೆ. ಇಷ್ಟನ್ನೂ ಅವರು ನಿಂತ ನಿಲುವಿನಲ್ಲೇ ಹೇಳಿದರು. ಇಡೀ ಸಮ್ಮೇಳನದಲ್ಲಿ ನನಗೆ ಸಿಕ್ಕ ಅತ್ಯಂತ ಉಪಯುಕ್ತ ಮಾತು ಅದು. ಅಂಥವರಿಗೆ ವೇದಿಕೆಯ ಮೇಲೆ ಒಂದು ಕುರ್ಚಿ ಇರಲಿಲ್ಲ.

ವೇದಿಕೆಯ ಕಾರ್ಯಕ್ರಮಗಳಿಗೂ ಕೂತಿದ್ದೆ. ಸಿಲಿಕೋಸಿಸ್ ಬಗ್ಗೆ ಒಬ್ಬ ಕಾರ್ಖಾನೆ ವೈದ್ಯರು ಮಾತಾಡಿದರು. ಕಲ್ಲುಪುಡಿಯ ಧೂಳು ಶ್ವಾಸಕೋಶದೊಳಗೆ ಗಾಯ ಮಾಡಿ ಕಟ್ಟಿಕೊಂಡರೆ ಅದನ್ನು ವಾಪಸ್ ಸರಿಮಾಡುವ ಔಷಧ ಇಲ್ಲ, ಧೂಳು ಏಳದ ಹಾಗೆ ನೀರು ಹಾಯಿಸುವುದು, ಅದನ್ನು ಹುಟ್ಟಿದಲ್ಲೇ ಎಳೆದುಕೊಳ್ಳುವುದೇ ದಾರಿ ಅಂತ ಬಿಡಿಸಿ ಹೇಳಿದರು. ತುಂಬಾ ಒಳ್ಳೆಯ ಮಾತು. ಆದರೆ ಅದು ಇಂಗ್ಲಿಷಿನಲ್ಲಿ ನಡೆಯಿತು. ಕಲ್ಲು ಕೊರೆಯುವವರು, ಫೌಂಡ್ರಿಯಲ್ಲಿ ಮರಳು ಜಾಡಿಸುವವರು ಒಬ್ಬರೂ ಅಲ್ಲಿರಲಿಲ್ಲ. ಮಿಕ್ಕ ಚರ್ಚೆಗಳಲ್ಲಿ ಡ್ಯಾಶ್‌ಬೋರ್ಡ್, ಎಐ ಕ್ಯಾಮೆರಾ, ಶೂನ್ಯ ಅಪಘಾತದ ಗುರಿ ಇಂಥವೇ ಜಾಸ್ತಿ. ದೊಡ್ಡ ಪ್ಲಾಂಟ್‌ಗಳಿಗೆ ಅವು ಬೇಕು, ಒಪ್ಪುತ್ತೇನೆ. ಆದರೆ ದೊಡ್ಡ ಪ್ಲಾಂಟ್‌ಗೆ ಬರುವ ಬ್ರಾಕೆಟ್, ವಾಷರ್, ಕ್ಲಿಪ್ಪು ತಯಾರಾಗುವುದು ಅದರ ಸಪ್ಲೈಯರ್‌ನ ಸಪ್ಲೈಯರ್ ಶೆಡ್‌ನಲ್ಲಿ. ಗುರುಗ್ರಾಮ, ಮಾನೇಸರ್ ಕಡೆ ಸೇಫ್ ಇನ್ ಇಂಡಿಯಾ ಅನ್ನುವ ಸಂಸ್ಥೆ ಗಾಯಗೊಂಡ ಆಟೋ ಕ್ಷೇತ್ರದ ಕಾರ್ಮಿಕರ ಜೊತೆ ವರ್ಷಗಳಿಂದ ಕೆಲಸ ಮಾಡುತ್ತಿದೆ. ಅವರು ಮತ್ತೆ ಮತ್ತೆ ತೋರಿಸುತ್ತಿರುವುದೂ ಇದನ್ನೇ. ಬೆರಳು ಹೋಗುವುದು ಹೆಚ್ಚಾಗಿ ಪವರ್ ಪ್ರೆಸ್‌ನಲ್ಲಿ, ಅದೂ ಸಪ್ಲೈಯರ್ ಕಾರ್ಖಾನೆಗಳಲ್ಲಿ.

ಕಾನೂನು ಏನು ಹೇಳುತ್ತೆ? 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಅಪಾಯದ ಭಾಗಗಳಿಗೆ ಭದ್ರವಾದ ತಡೆ ಇರಬೇಕಿತ್ತು, ಮೆಷಿನ್ ಓಡುವಾಗ ಆ ತಡೆ ಅಲ್ಲೇ ಇರಬೇಕಿತ್ತು. 1984ರ ಭೋಪಾಲ್ ದುರಂತದ ನಂತರ, 1987ರಲ್ಲಿ ಈ ಕಾಯ್ದೆಗೆ ತಿದ್ದುಪಡಿ ಬಂತು. ಅಪಾಯಕಾರಿ ಪ್ರಕ್ರಿಯೆ ಇರುವ ಕಾರ್ಖಾನೆಗಳಲ್ಲಿ ಸುರಕ್ಷತಾ ಸಮಿತಿ ಇರಬೇಕು, ಅದರಲ್ಲಿ ಆಡಳಿತದವರೂ ಕಾರ್ಮಿಕರೂ ಸಮಸಮ ಇರಬೇಕು ಅಂತಾಯಿತು. ಸಾವಿರಾರು ಜನ ಸತ್ತ ಮೇಲೆ ಬಂದ ತಿಳಿವಳಿಕೆ ಅದು. ಕೆಲಸ ಮಾಡುವವರನ್ನು ಬಿಟ್ಟು ಸುರಕ್ಷತೆಯ ಮಾತಾಡಬಾರದು ಅಂತ ಕಾನೂನೇ ಒಪ್ಪಿಕೊಂಡಿದೆ. ಸಮ್ಮೇಳನಗಳು ಯಾಕೆ ಒಪ್ಪಬಾರದು?

ಈಗ ಆ ಕಾಯ್ದೆಯ ಬದಲಿಗೆ ಕೆಲಸದ ಜಾಗದ ಸುರಕ್ಷತೆ, ಆರೋಗ್ಯದ ಬಗ್ಗೆ 2020ರ ಹೊಸ ಸಂಹಿತೆ 2025ರ ನವೆಂಬರ್‌ನಿಂದ ಜಾರಿಗೆ ಬಂದಿದೆ. ಸಾಮಾನ್ಯ ಕಾರ್ಖಾನೆಗಳಲ್ಲಿ 1000 ಜನ ಇದ್ದರೆ ಸೇಫ್ಟಿ ಆಫೀಸರ್ ಬೇಕು ಅಂತ ಇದ್ದದ್ದು ಈಗ 500ಕ್ಕೆ ಇಳಿದಿದೆ. ಇದು ಒಳ್ಳೆಯದೇ. ಇನ್ನೊಂದು ಕಡೆ, ಕರೆಂಟ್ ಬಳಸುವ ಘಟಕದಲ್ಲಿ 10 ಜನ ಇದ್ದರೆ ಕಾರ್ಖಾನೆ ಅನ್ನುತ್ತಿದ್ದದ್ದು ಈಗ 20ಕ್ಕೆ ಏರಿದೆ. ಹದಿನೈದು ಜನರ ಪ್ರೆಸ್ ಶಾಪ್ ಈಗ ಕಾರ್ಖಾನೆ ಅಲ್ಲ. ಹತ್ತು ಜನ ಇದ್ದರೆ ಉದ್ಯೋಗದಾತರ ಸಾಮಾನ್ಯ ಹೊಣೆ ಅನ್ವಯಿಸುತ್ತೆ, ಅಷ್ಟು ಮಟ್ಟಿಗೆ ಸಮಾಧಾನ. ಆದರೂ ನನಗೆ ಹೆದರಿಕೆ ಇರುವುದು ಇಂಥ ಶೆಡ್‌ಗಳ ಬಗ್ಗೆಯೇ. ಅಲ್ಲಿ ಸೇಫ್ಟಿ ಆಫೀಸರ್ ಇರಲ್ಲ, ಸಮಿತಿ ಇರಲ್ಲ. ಮಾಲೀಕರು, ಸೂಪರ್‌ವೈಸರ್, ಆಪರೇಟರ್‌ಗಳು, ಅಷ್ಟೇ. ಕಲಿಯಲು ಅವರಿಗೆ ಇಂಥ ಪ್ರದರ್ಶನವೇ ದೊಡ್ಡ ಅವಕಾಶ.

ಬೆರಳು ಹೋದರೆ ಏನಾಗುತ್ತೆ ಅನ್ನುವುದೂ ಕಾನೂನಿನಲ್ಲಿ ಬರೆದಿದೆ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1923ರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಹೆಬ್ಬೆರಳಿಗೆ ಶೇ 30, ಪೂರ್ತಿ ತೋರುಬೆರಳಿಗೆ ಶೇ 14, ತೋರುಬೆರಳಿನ ಒಂದು ಗೆಣ್ಣಿಗೆ ಶೇ 9 ಗಳಿಕೆಯ ನಷ್ಟ ಅಂತ ಲೆಕ್ಕ ಇತ್ತು. ಆ ಪಟ್ಟಿ ಓದುವಾಗಲೆಲ್ಲ ನನಗೆ ಹೊಟ್ಟೆ ತೊಳಸುತ್ತೆ. ಒಂದು ಗೆಣ್ಣು ಇಲ್ಲದೆ ಅಂಗಿ ಗುಂಡಿ ಹಾಕುವುದು, ಮಗುವಿನ ಜಡೆ ಹೆಣೆಯುವುದು ಆ ಶೇಕಡಾ ಲೆಕ್ಕದಲ್ಲಿ ಎಲ್ಲಿದೆ?

ಹಾಗಾದರೆ ಏನು ಮಾಡಬೇಕು? ಮೊದಲು, ಒಂದು ದಿನವಾದರೂ ಭಾನುವಾರ ಇರಲಿ. ವಾರದ ದಿನಗಳಲ್ಲಿ ಇಟ್ಟರೆ ಆಪರೇಟರ್ ಒಂದು ದಿನದ ಕೂಲಿ ಬಿಟ್ಟು ಬರಬೇಕು, ಯಾರು ಬರುತ್ತಾರೆ? ದೂರ ಅಂತ ಹೇಳುವ ಹಾಗೂ ಇಲ್ಲ. 2024ರ ನವೆಂಬರ್‌ನಿಂದ ಮೆಟ್ರೋ ಸಮ್ಮೇಳನ ನಡೆಯುವ ಕಡೆಗೇ, ಮಾದಾವರದವರೆಗೂ ಹೋಗುತ್ತೆ. ಪೀಣ್ಯ ಇಂಡಸ್ಟ್ರಿಯಲ್ಲಿ ಹತ್ತಿದರೆ ಜಾಲಹಳ್ಳಿ, ದಾಸರಹಳ್ಳಿ, ನಾಗಸಂದ್ರ, ಮಂಜುನಾಥನಗರ, ಚಿಕ್ಕಬಿದರಕಲ್ಲು, ಮುಂದಿನದೇ ಮಾದಾವರ. ಇಷ್ಟು ಹತ್ತಿರ ಸಾವಿರಾರು ಸಣ್ಣ ಘಟಕಗಳಿದ್ದೂ ಅಲ್ಲಿನ ಆಪರೇಟರ್‌ಗಳಿಗೆ ಈ ಸಮ್ಮೇಳನ ನಡೆಯುವ ಸುದ್ದಿಯೇ ತಲುಪುವುದಿಲ್ಲ ಅಂದರೆ ಬೇಜಾರಾಗುತ್ತೆ. ದೊಡ್ಡ ಕಂಪನಿಗಳು ತಮ್ಮ ಸಪ್ಲೈಯರ್‌ಗಳ ಕೆಲಸಗಾರರಿಗೆ ಬಸ್ ಮಾಡಿ ಕರೆತರಲಿ, ಆ ದಿನದ ಸಂಬಳವನ್ನೂ ಕೊಡಿಸಲಿ. ಅವರ ಖರ್ಚಿನಲ್ಲಿ ಅದು ಏನೇನೂ ಅಲ್ಲ. ಒಂದು ಹಾಲ್‌ನಲ್ಲಿ ಕನ್ನಡದಲ್ಲಿ, ಇನ್ನೊಂದರಲ್ಲಿ ಹಿಂದಿಯಲ್ಲಿ ಕಾರ್ಯಕ್ರಮ ನಡೆಯಲಿ. ಬಿಹಾರ, ಒಡಿಶಾದಿಂದ ಬಂದು ನಮ್ಮ ಊರಿನ ಪ್ರೆಸ್ ಓಡಿಸುವವರ ಬೆರಳಿಗೂ ಅಷ್ಟೇ ಬೆಲೆ, ಅಲ್ವಾ?

ಸ್ಟಾಲ್ ಹಾಕುವವರಿಗೂ ಒಂದು ಮಾತು. ಹೊಸಾ ಫಳಫಳ ಮೆಷಿನ್ ಮೇಲೆ ಮಾತ್ರ ತೋರಿಸಬೇಡಿ. ಎಣ್ಣೆ ಮೆತ್ತಿದ, ಸವೆದ, ನಿಜವಾದ ಶೆಡ್‌ನಲ್ಲಿರುವ ಮೆಷಿನ್ ತನ್ನಿ. ಅದರ ಮೇಲೆ ನಿಮ್ಮ ಸಾಮಾನು ಹೇಗೆ ಕೂರುತ್ತೆ ತೋರಿಸಿ. ಯಾವುದಕ್ಕೆ ಕೂರಲ್ಲ ಅನ್ನುವುದನ್ನೂ ಹೇಳಿ. ನೋಡಲು ಹೋಗುವ ಮಾಲೀಕರೇ, ಹೋಗುವಾಗ ನಿಮ್ಮ ಹಳೇ ಆಪರೇಟರ್ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಕೊಳ್ಳುವ ಮೊದಲು ಅವರನ್ನು ಕೇಳಿ. ಟಾರ್ಗೆಟ್ ಮುಟ್ಟಬೇಕಾದರೆ ಈ ಗಾರ್ಡ್ ಬಿಚ್ಚಬೇಕಾಗುತ್ತಾ ಅಂತ ನೇರವಾಗಿ ಕೇಳಿ. ಹೌದು ಅಂದರೆ ಗಾರ್ಡ್ ಬದಲಿಸಿ, ಇಲ್ಲವೇ ಟಾರ್ಗೆಟ್ ಬದಲಿಸಿ.

ಹಾವೇರಿಯ ಆ ಅಣ್ಣ ಹೇಳಿದ ಹಾಗೆ ಪಕ್ಕದಲ್ಲಿ ಸಂದಿ ಬಿಟ್ಟು, ಕೊಕ್ಕೆ ಇಡಲು ಒಂದು ಕ್ಲಿಪ್ ಹಾಕಿ, ಪೆಡಲ್‌ಗೆ ಹೊದಿಕೆ ಕೊಟ್ಟು ಹೊಸ ಗಾರ್ಡ್ ಮಾಡಿದ್ದೇವೆ. ಸಂದಿಯ ಅಗಲ ಬೆರಳು ತೂರದಷ್ಟೇ. ಹತ್ತಿರದ ಒಂದು ಶಾಪ್‌ನಲ್ಲಿ ಈಗ ಓಡುತ್ತಿದೆ, ಇನ್ನೂ ಯಾರೂ ಬಿಚ್ಚಿಲ್ಲ. ಬರುವ ಭಾನುವಾರ ಬೆಳಿಗ್ಗೆ ಹತ್ತರಿಂದ ನಮ್ಮ ಶೆಡ್‌ನಲ್ಲಿ ಅದನ್ನು ಇಟ್ಟಿರುತ್ತೇವೆ. ಪ್ರೆಸ್ ಓಡಿಸುವವರು ಯಾರೇ ಬಂದರೂ ಸಂತೋಷ, ಕಾಫಿ ತಿಂಡಿ ನಮ್ಮದು, ದುಡ್ಡು ಕಾಸು ಏನೂ ಇಲ್ಲ. ವಿಳಾಸ ಬೇಕಾದವರು ಇನ್‌ಬಾಕ್ಸ್‌ನಲ್ಲಿ ಕೇಳಿ. ಬರುವಾಗ ನಿಮ್ಮ ಡೈ ಮತ್ತು ಪೆಡಲ್‌ನ ಒಂದೊಂದು ಫೋಟೋ ಮೊಬೈಲ್‌ನಲ್ಲಿ ಹಿಡಿದುಕೊಂಡು ಬನ್ನಿ.