ಹೊಟ್ಟಿನಿಂದ ಹೊನ್ನಿನವರೆಗೆ

ಹಮ್ಮುರಾಬಿಯ ಹೆಸರೆತ್ತಿದರೆ ನಮಗೆಲ್ಲ ನೆನಪಾಗುವುದು 'ಕಣ್ಣಿಗೆ ಕಣ್ಣು' ಎಂಬ ಶಿಕ್ಷೆಯೊಂದೇ. ಆದರೆ ಬ್ಯಾಬಿಲೋನಿನ ಆ ದೊರೆ ಕ್ರಿ.ಪೂ. 18ನೆಯ ಶತಮಾನದಲ್ಲಿ ಕೆತ್ತಿಸಿದ, ಇರಾನಿನ ಸೂಸಾದಲ್ಲಿ 1901-02ರಲ್ಲಿ ಸಿಕ್ಕಿ ಈಗ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿರುವ ಕರಿಗಲ್ಲಿನ ಮೇಲೆ ಮದುವೆ, ಮಕ್ಕಳು, ಆಸ್ತಿಪಾಲುಗಳ ಕಟ್ಟಳೆಗಳೂ ಸಾಕಷ್ಟಿವೆ.

ಅವುಗಳಲ್ಲಿ ನನ್ನನ್ನು ಬಹಳ ಕಾಡಿದ್ದು 172ನೆಯದು. ಗಂಡ ಬದುಕಿದ್ದಾಗ ಹೆಂಡತಿಗೆಂದು ಏನನ್ನೂ ಕೊಟ್ಟಿರದಿದ್ದರೆ, ಅವನು ತೀರಿಕೊಂಡ ಮೇಲೆ ತವರಿನ ಬಳುವಳಿಯ ಜೊತೆಗೆ ಒಬ್ಬ ವಾರಸುದಾರನಿಗೆ ಬರುವಷ್ಟೇ ಪಾಲು ಆಕೆಗೂ ಸಲ್ಲಬೇಕು. ಮನೆ ಬಿಡಿಸಲೆಂದು ಮಕ್ಕಳು ಆಕೆಯನ್ನು ಪೀಡಿಸಿದರೆ ನ್ಯಾಯಾಧೀಶರು ವಿಚಾರಿಸಿ ಮಕ್ಕಳನ್ನೇ ದಂಡಿಸಬೇಕು. ಆಕೆ ಮನೆ ಬಿಡಬೇಕಾಗಿಲ್ಲ. ಇದನ್ನು ಕಲ್ಲಿನಲ್ಲಿ ಕೆತ್ತಿಸಬೇಕಾಯಿತೆಂದರೆ ಅಂಥ ಮಕ್ಕಳೂ ಇದ್ದರೆಂದೇ ಅಲ್ಲವೇ? ಮನೆಯೊಳಗಿನ ಜಗಳವೆಂದು ಕೈಬಿಡದೆ ತಾಯಿಯ ಪರವಾಗಿ ಹೊಸ್ತಿಲು ದಾಟಿ ಒಳಬಂದ ಆ ಕಾನೂನಿನ ಬಗ್ಗೆ ನನಗೆ ನಿಜವಾದ ಗೌರವವಿದೆ.

ತಂದೆಯೂ ಮನಸ್ಸಿಗೆ ಬಂದಂತೆ ನಡೆಯುವ ಹಾಗಿರಲಿಲ್ಲ. ಮಗನಿಗೆ ಆಸ್ತಿ ತಪ್ಪಿಸಬೇಕೆಂದರೆ ನ್ಯಾಯಾಧೀಶರ ಮುಂದೆ ಹೇಳಬೇಕು, ಮಗನ ತಪ್ಪು ಘೋರವೆಂದು ಸಾಬೀತಾಗಬೇಕು, ಆಗಲೂ ಮೊದಲ ಸಲ ಕ್ಷಮಿಸಲೇಬೇಕು.

ಪಾಲಾದ ಮೇಲೆ ಬರೆದ ಜೇಡಿಮಣ್ಣಿನ ಹಲಗೆಗಳಲ್ಲಿ 'ಹೊಟ್ಟಿನಿಂದ ಹೊನ್ನಿನವರೆಗೆ' ಎಲ್ಲವೂ ಹಂಚಿಕೆಯಾಯಿತು ಎಂಬ ಮಾತು ಬರುತ್ತದೆ. ಮುಂದೆ ತಕರಾರಿಗೆ ಎಡೆಯಿರಬಾರದೆಂದು ಒಕ್ಕಣೆಯ ಹೊಟ್ಟನ್ನೂ ಲೆಕ್ಕಕ್ಕೆ ಸೇರಿಸಿದ ಆ ಎಚ್ಚರವನ್ನು ಕಂಡು ನನಗೆ ಬೆರಗಾಯಿತು. ಕಿರಿಯ ತಮ್ಮನಿಗೆ ಇನ್ನೂ ಮದುವೆಯಾಗಿಲ್ಲದಿದ್ದರೆ ಅಣ್ಣಂದಿರು ಅವನ ಪಾಲಿನ ಮೇಲೆ ವಧುವಿನ ತೆರಕ್ಕೆಂದು ಬೆಳ್ಳಿಯನ್ನು ಪ್ರತ್ಯೇಕವಾಗಿ ಎತ್ತಿಡಬೇಕಿತ್ತು. ಸತ್ತ ಹಿರಿಯರ ಹೆಸರು ಹೇಳಿ ಅನ್ನ, ನೀರು ಅರ್ಪಿಸುವ 'ಕಿಸ್ಪು' ಎಂಬ ಕ್ರಿಯೆಯೂ ಮನೆತನದ ಋಣವೇ ಆಗಿತ್ತು.

ಇದನ್ನು ಸಮಾನತೆಯ ಲೋಕವೆಂದು ನಾನು ಹೇಳಲಾರೆ. ದಾಸಿಯ ಮಕ್ಕಳಿಗೆ ಪಾಲು ಸಿಗಬೇಕಾದರೆ ತಂದೆ ಬದುಕಿದ್ದಾಗಲೇ 'ನನ್ನ ಮಕ್ಕಳು' ಎಂದು ಬಾಯಿಬಿಟ್ಟು ಹೇಳಿರಬೇಕಿತ್ತು. ಒಂದು ಮಾತಿನ ಮೇಲೆ ಒಂದು ಬದುಕು ನಿಂತಿರುತ್ತಿತ್ತೆಂಬುದು ನನಗೆ ಸಂಕಟದ ಸಂಗತಿ.

ಆದರೂ ಆ 172ನೆಯ ಕಟ್ಟಳೆಯ ಕೊನೆಯನ್ನು ಹೇಳದಿರಲಾರೆ. ವಿಧವೆ ತಾನಾಗಿಯೇ ಹೊರಡಲು ಬಯಸಿದರೆ ಗಂಡ ಕೊಟ್ಟದ್ದನ್ನು ಮಕ್ಕಳಿಗೆ ಬಿಟ್ಟು, ಬಳುವಳಿಯನ್ನು ಕೊಂಡೊಯ್ದು, ಮನಸ್ಸಿಗೆ ಒಪ್ಪಿದವನ ಕೈಹಿಡಿಯಬಹುದಿತ್ತು. ಅಲ್ಲಿಯೂ ಮಕ್ಕಳಾದರೆ, ಆಕೆ ಕಣ್ಮುಚ್ಚಿದ ಮೇಲೆ ಆ ಬಳುವಳಿಯನ್ನು ಎರಡೂ ಮನೆಯ ಮಕ್ಕಳು ಹಂಚಿಕೊಳ್ಳುತ್ತಿದ್ದರು.